ಸೋಲುವವನಿಗೆ ಎರಡು ಪುಟ ಯಾಕೆ?

ಕಾರವಾರದ ನಿವೃತ್ತ ಪಿ.ಟಿ. ಮಾಸ್ತರರೊಬ್ಬರು ಸಿಟ್ಟಾಗಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಅಮೆರಿಕದ ಕುಸ್ತಿಪಟು ಬ್ಯಾರಿ ಹೊರೊವಿಟ್ಜ್ ಲೇಖನ ಅವರಿಗೆ ಹಿಡಿಸಿಲ್ಲ. 'ಮೊದಲೇ ಮಾತಾಡಿಕೊಂಡು ಆಡುವ ಸುಳ್ಳು ಕುಸ್ತಿ. ಅದರಲ್ಲೂ ಸದಾ ಸೋಲುವವನು. ಎರಡು ಪುಟ ದಂಡ! ನಮ್ಮ ಹಳಿಯಾಳದಲ್ಲಿ ನಿಜವಾದ ಕುಸ್ತಿ ಇಲ್ವಾ? ಇದನ್ನೆಲ್ಲ ನೋಡಿಯೇ ನನ್ನ ಮೊಮ್ಮಗ ಮಂಚದಿಂದ ತಂಗಿಯ ಮೇಲೆ ಹಾರುತ್ತಾನೆ' ಎಂದು ಬರೆದಿದ್ದಾರೆ.

ಮಾಸ್ತರರೇ, ಸೋಲು ಗೆಲುವು ಮೊದಲೇ ನಿಗದಿ, ಹೌದು. 1989ರಲ್ಲಿ ಈ ಕುಸ್ತಿ ನಡೆಸುವ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಇದು ಬರೀ ಮನರಂಜನೆ ಎಂದು ಒಪ್ಪಿಕೊಂಡರು. ಸತ್ಯದ ಮೇಲೆ ಪ್ರೀತಿ ಉಕ್ಕಿ ಅಲ್ಲ, ಸರ್ಕಾರದ ತೆರಿಗೆ ಮತ್ತು ಕಟ್ಟುಪಾಡು ತಪ್ಪಲಿ ಅಂತ. ಅದಾದ ಮೇಲೂ ನಮ್ಮ ಕಡೆಯ ಹುಡುಗರು ಈ ಕುಸ್ತಿಪಟುಗಳ ಚಿತ್ರವಿರುವ ಟ್ರಂಪ್ ಕಾರ್ಡ್ ಹಿಡಿದು, ಅಂಡರ್‌ಟೇಕರ್ ಸತ್ತು ಎದ್ದು ಬಂದ ಅಂತ ಜಗಳವಾಡುತ್ತಿದ್ದರು, ಬಿಡಿ. ಗದಾಯುದ್ಧದ ಆಟದಲ್ಲಿ ಕೌರವ ಬೀಳುತ್ತಾನೆ ಅಂತ ಗೊತ್ತಿದ್ದೂ ನೀವು ನಾವು ಬೆಳಗಿನವರೆಗೆ ಕೂತವರೇ ಅಲ್ವಾ?

ಬೀಳುವುದಂತೂ ಸುಳ್ಳಲ್ಲ. ರಿಂಗ್ ಅಂದರೆ ಉಕ್ಕಿನ ತೊಲೆ, ಮೇಲೆ ಹಲಗೆ, ತೆಳ್ಳನೆ ಫೋಮ್, ಕ್ಯಾನ್ವಾಸ್. ಅಷ್ಟೇ. ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಬಡಿಯುತ್ತದೆ. ಬೆನ್ನಿನ ಮೇಲ್ಭಾಗ ಒಟ್ಟಿಗೇ ನೆಲ ಮುಟ್ಟಬೇಕು. ಕೈ ಅಗಲಿಸಿ ಬಡಿಯಬೇಕು, ಉಸಿರು ಬಿಡಬೇಕು. ಎದುರಾಳಿ ಎತ್ತುವ ಹೊತ್ತಿಗೆ ಸರಿಯಾಗಿ ಜಿಗಿದು ಅವನ ಅರ್ಧ ಕೆಲಸವನ್ನೂ ಇವನೇ ಮಾಡಿಕೊಡಬೇಕು. ಇಷ್ಟಾದರೂ ಜನರಿಗೆ ಕಾಣಬೇಕಾದ್ದು ಅವನ ಬಲ, ಇವನ ಜಾಣತನ ಅಲ್ಲ. ಹೊಸ ಸ್ಟಾರ್ ಒಬ್ಬನನ್ನು ಟಿವಿಗೆ ತರುವಾಗ ಕಂಪನಿ ಇಂಥವರನ್ನೇ ಎದುರು ನಿಲ್ಲಿಸುತ್ತದೆ. 'ಜಾಬರ್' ಅಂತ ಕರೆಯುತ್ತಾರೆ. ಮೇಲಾಗಿ ಅಲ್ಲಿನ ಕುಸ್ತಿಪಟುಗಳು ನೌಕರರಲ್ಲ, ಗುತ್ತಿಗೆಯವರು. ಹೊರೊವಿಟ್ಜ್ ಕಾಲದಲ್ಲಿ ಊರಿಂದೂರಿಗೆ ಓಡಾಡುವಾಗ ಕಾರು, ಹೋಟೆಲು ಹೆಚ್ಚಿನವರಿಗೆ ಸ್ವಂತ ಖರ್ಚಾಗಿತ್ತು.

ಹೊರೊವಿಟ್ಜ್ ವರ್ಷಗಟ್ಟಲೆ ಹೀಗೆ ಸೋತ. ರಿಂಗಿನಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಜಾಕೆಟಿನ ಬೆನ್ನ ಮೇಲೆ ಅಂಗೈ ಚಿತ್ರ ಬೇರೆ! 1995ರಲ್ಲಿ ಸ್ಕಿಪ್ ಎಂಬವನನ್ನು ಟಿವಿಯಲ್ಲಿ ಸೋಲಿಸಿದಾಗ ಕಾಮೆಂಟರಿಯವರೇ ಕಿರುಚಿದರು. ಅದೇ ವರ್ಷ ಕಂಪನಿಯ ದೊಡ್ಡ ಕುಸ್ತಿ ಕೂಟವಾದ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮತ್ತೆ ಗೆದ್ದ. ಆ ಗೆಲುವೂ ಮೊದಲೇ ಬರೆದಿಟ್ಟದ್ದೇ. ಆದರೆ ಅಷ್ಟು ವರ್ಷ ನೆಟ್ಟಗೆ ಸೋತವನಿಗಲ್ಲದೆ ಬೇರೆಯವನಿಗೆ ಆ ಕೂಗು ಸಿಗುತ್ತಿರಲಿಲ್ಲ. ಲೇಖನ ಹಾಕಿದ್ದು ಅದಕ್ಕೇ.

ಮೊಮ್ಮಗನ ಹಾರಾಟ ನಮ್ಮ ತಲೆಗೆ ಕಟ್ಟಬೇಡಿ. ಲೇಖನ ಓದಿ ಮಂಚ ಹತ್ತುವ ಮಕ್ಕಳು ಈಗ ಎಲ್ಲಿದ್ದಾರೆ? ಸುಮ್ನೆ ಬೈಯುವ ಬದಲು ಹೇಗೆ ಬೀಳಬೇಕು ಅಂತ ಚಾಪೆ ಹಾಸಿ ಕಲಿಸಿ, ಪಿ.ಟಿ. ಮಾಸ್ತರರಲ್ವಾ ನೀವು! ತಂಗಿಯನ್ನು ಮಾತ್ರ ದೂರ ಇಡಿ.

ಹಳಿಯಾಳದ ಬಗ್ಗೆ ನೀವೇ ಬರೆಯಿರಿ. ಮೆಡಲ್ ಗೆದ್ದವರ ಸುದ್ದಿ ಪೇಪರಿನಲ್ಲಿ ಬರುತ್ತದೆ. ದಿನಾ ಬೆಳಿಗ್ಗೆ ಅವರ ಕೈಯಲ್ಲಿ ಎತ್ತಿ ಒಗೆಸಿಕೊಳ್ಳುವ ಅಭ್ಯಾಸದ ಜೊತೆಗಾರರು ಇರುತ್ತಾರಲ್ಲ, ನಮಗೆ ಅವರ ಕಥೆ ಬೇಕು. ಫೋಟೋ ಇದ್ದರೆ ಜೊತೆಗೇ ಕಳಿಸಿ. ದೀಪಾವಳಿ ಸಂಚಿಕೆಗೆ ಮೊದಲು ಸಿಕ್ಕರೆ ಒಳ್ಳೇದು.

– ಸಂ.