ಹೈಬ್ರಿಡ್ ಕಾರು ಕಂಪನಿಗೆ ಗಿಟ್ಟುತ್ತದಾ?

ಕಳೆದ ಸಂಚಿಕೆಯಲ್ಲಿ ಹೈಬ್ರಿಡ್ ಕಾರುಗಳ ಮೈಲೇಜ್ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಮೈಲೇಜ್ ಮಾತು ಎತ್ತಿದವರು ಕಡಿಮೆ, ದುಡ್ಡಿನ ಲೆಕ್ಕ ಕೇಳಿದವರೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸಾರ್, ಹೈಬ್ರಿಡ್‌ನಲ್ಲಿ ಎಂಜಿನ್ ಇದೆ, ಮೋಟಾರ್ ಇದೆ, ಜೊತೆಗೆ ಬ್ಯಾಟರಿ ಬೇರೆ. ಎರಡು ಕಾರಿನ ಸಾಮಾನನ್ನು ಒಂದರಲ್ಲಿ ತುಂಬಿ ಮಾರಿದರೆ ಕಂಪನಿಗೆ ಏನು ಉಳಿಯುತ್ತದೆ?

ಉತ್ತರ: ಮೊದಮೊದಲು ಉಳಿಯುತ್ತಿರಲಿಲ್ಲ ಎಂದೇ ಈ ವ್ಯವಹಾರ ನೋಡಿದವರು ಹೇಳುತ್ತಾರೆ. 1997ರ ಡಿಸೆಂಬರ್‌ನಲ್ಲಿ ಟೊಯೋಟಾ ಜಪಾನಿನಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಮೊದಲ ಸಲ ಮಾರಾಟಕ್ಕೆ ಇಟ್ಟಿತು. ಬೆಲೆ 21.5 ಲಕ್ಷ ಯೆನ್. ಅಷ್ಟಕ್ಕೆ ಕೊಟ್ಟರೆ ಅಸಲೂ ಹುಟ್ಟುವುದಿಲ್ಲ ಎಂದು ಆಗಲೇ ಗುಸುಗುಸು ಇತ್ತು. ಆದರೆ ಕಂಪನಿ ಕೈಬಿಡಲಿಲ್ಲ. 2007ರಲ್ಲಿ ಅದರ ಹೈಬ್ರಿಡ್ ಮಾರಾಟ ಒಟ್ಟು 10 ಲಕ್ಷ ಮುಟ್ಟಿತು, 2017ರಲ್ಲಿ 1 ಕೋಟಿ ದಾಟಿತು. 2023ರ ಹೊತ್ತಿಗೆ ಟೊಯೋಟಾ ತಾನೇ ಹೇಳಿಕೊಂಡಿದ್ದು ಏನು ಗೊತ್ತಾ? ಹೈಬ್ರಿಡ್ ವ್ಯವಸ್ಥೆಯ ಖರ್ಚು ಮೊದಲಿನದರ ಆರನೇ ಒಂದು ಭಾಗಕ್ಕೆ ಇಳಿದಿದೆ, ಮಾರ್ಜಿನ್, ಅಂದರೆ ಮಾರಿದ ಬೆಲೆಯಲ್ಲಿ ಲಾಭದ ಪಾಲು, ಪೆಟ್ರೋಲ್ ಕಾರಿನ ಸಮಕ್ಕೆ ಬಂದಿದೆ ಎಂದು. ಅಂದರೆ ಕಾಲು ಶತಮಾನ ಹಿಡಿಯಿತು.

ಇನ್ನು 'ಎರಡು ಕಾರಿನ ಸಾಮಾನು' ಅನ್ನುವ ಮಾತು. ಅದು ಅರ್ಧ ಸತ್ಯ ಅಷ್ಟೇ. ಪ್ರಿಯಸ್‌ನ ಗೇರ್ ಬಿಚ್ಚಿ ನೋಡಿದರೆ ನಿರಾಸೆ ಆಗುವಷ್ಟು ಸರಳವಾಗಿದೆ. ನಡುವೆ ಒಂದು ಹಲ್ಲಿನ ಚಕ್ರ, ಅದರ ಸುತ್ತ ಉರುಳುವ ನಾಲ್ಕಾರು ಪುಟ್ಟ ಚಕ್ರ, ಹೊರಗೆ ಬಳೆಯ ಹಾಗೆ ಒಂದು ದೊಡ್ಡ ಚಕ್ರ. ಪುಟ್ಟ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿಗೆ ಎಂಜಿನ್ ಸೇರಿದೆ, ನಡುವಿನ ಚಕ್ರಕ್ಕೆ ಒಂದು ಮೋಟಾರ್, ಬಳೆಗೆ ಇನ್ನೊಂದು. ಇದಿಷ್ಟೇ ಗೇರ್‌ಬಾಕ್ಸ್. ಕ್ಲಚ್ ಬೇಕಿಲ್ಲ, ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚಿನ ಕೆಲಸ ಮಾಡುವ ಟಾರ್ಕ್ ಕನ್ವರ್ಟರ್ ಬೇಕಿಲ್ಲ, ಎಂಜಿನ್ನನ್ನು ಮೋಟಾರೇ ತಿರುಗಿಸಿ ಎಬ್ಬಿಸುವುದರಿಂದ ಬೇರೆ ಸ್ಟಾರ್ಟರ್ ಬೇಕಿಲ್ಲ, ಕರೆಂಟು ತಯಾರಿಸುವ ಆಲ್ಟರ್ನೇಟರೂ ಬೇಕಿಲ್ಲ. ಹಾಕಿದ್ದು ಕಣ್ಣಿಗೆ ಕಾಣುತ್ತದೆ, ತೆಗೆದದ್ದು ಕಾಣುವುದಿಲ್ಲ. ಹೆಚ್ಚಿನ ಖರ್ಚು ಬರುವುದು ಬ್ಯಾಟರಿ, ಮೋಟಾರು ಮತ್ತು ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ನಿಂದ. ಇವು ಲಕ್ಷಗಟ್ಟಲೆ ತಯಾರಾದಷ್ಟೂ ಅಗ್ಗವಾಗುತ್ತಾ ಹೋಗುತ್ತವೆ. ಹೋಂಡಾ ಕೂಡ ಇದೇ ದಾರಿಯಲ್ಲಿದೆ: ಮುಂದಿನ ಪೀಳಿಗೆಯ ಹೈಬ್ರಿಡ್ ವ್ಯವಸ್ಥೆಯ ಖರ್ಚನ್ನು 2018ರ ಮಾಡೆಲ್‌ಗಳಿಗೆ ಹೋಲಿಸಿದರೆ ಅರ್ಧಕ್ಕಿಂತ ಕೆಳಗೆ ತರುತ್ತೇವೆ ಎಂದು 2025ರಲ್ಲಿ ಹೇಳಿದೆ.

ಪ್ರಶ್ನೆ: ಹಾಗಿದ್ದರೆ ಖರ್ಚು ಇಳಿದ ಮೇಲೂ ಹೈಬ್ರಿಡ್‌ಗೆ ಅಷ್ಟೊಂದು ಜಾಸ್ತಿ ಬೆಲೆ ಯಾಕೆ? ಒಂದು ಕಂಪನಿಯಂತೂ ಟಾಪ್ ಮಾಡೆಲ್ ತಗೊಂಡರೆ ಮಾತ್ರ ಹೈಬ್ರಿಡ್ ಅನ್ನುತ್ತದೆ. ನನಗೆ ಸನ್‌ರೂಫ್ ಬೇಡ, ಮೈಲೇಜ್ ಬೇಕು!

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಅಸಲಿಗೆ ಒಂದಿಷ್ಟು ಲಾಭ ಸೇರಿಸಿ ಬೆಲೆ ಕಟ್ಟುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ, ಅದು ಹಾಗಲ್ಲ. ಗಿರಾಕಿ ಎಷ್ಟು ಕೊಡಬಲ್ಲ, ಪಕ್ಕದಲ್ಲಿ ನಿಂತಿರುವ ಪೆಟ್ರೋಲ್ ಕಾರಿನ ಬೆಲೆ ಎಷ್ಟು, ಕಾಯುವ ಸಾಲು ಎಷ್ಟು ಉದ್ದ ಇದೆ, ಇದನ್ನೆಲ್ಲ ನೋಡಿ ಕಟ್ಟುತ್ತಾರೆ. ಐದು ವರ್ಷದಲ್ಲಿ ಪೆಟ್ರೋಲ್‌ನಲ್ಲಿ ಇಷ್ಟು ಉಳಿಯುತ್ತದೆ ಎಂದು ನೀವು ಲೆಕ್ಕ ಹಾಕುತ್ತೀರಿ. ಆ ಲೆಕ್ಕವನ್ನು ಕಂಪನಿ ನಿಮಗಿಂತ ಮೊದಲೇ ಹಾಕಿ, ಉಳಿತಾಯದಲ್ಲಿ ಒಂದು ಪಾಲನ್ನು ಇವತ್ತೇ ಬೆಲೆಯಲ್ಲಿ ವಸೂಲಿ ಮಾಡಿಕೊಳ್ಳುತ್ತದೆ.

ಟಾಪ್ ಮಾಡೆಲ್ ಕಥೆಯೂ ಅದೇ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ, ನಿಜವಾದ ಯಾವ ಕಾರಿನದೂ ಅಲ್ಲ. ಪೆಟ್ರೋಲ್ ಕಾರು 100ಕ್ಕೆ ಮಾರುತ್ತದೆ, ಖರ್ಚು 92, ಉಳಿಯುವುದು 8. ಅದೇ ಕಾರಿನ ಹೈಬ್ರಿಡ್ 110ಕ್ಕೆ ಮಾರುತ್ತದೆ, ಖರ್ಚು 103, ಉಳಿಯುವುದು 7. ಪೆಟ್ರೋಲ್ ಕಾರಿಗಿಂತ ಲಾಭ ಒಂದು ಕಮ್ಮಿ. ಈಗ ಅದಕ್ಕೆ ಸನ್‌ರೂಫ್, ಲೆದರ್ ಸೀಟು, ದೊಡ್ಡ ಸ್ಕ್ರೀನ್ ಹಾಕಿ 120 ಮಾಡಿದರು, ಖರ್ಚು ಏರಿದ್ದು 107ಕ್ಕೆ ಮಾತ್ರ. ಉಳಿದದ್ದು 13. ಲಾಭ ಇರುವುದು ಸನ್‌ರೂಫ್‌ನಲ್ಲಿ, ಹೆಸರು ಮಾತ್ರ ಹೈಬ್ರಿಡ್‌ನದು. ನಿಮಗೆ ಬೇಡದ ಸಾಮಾನನ್ನು ನಿಮಗೆ ಬೇಕಾದ ಸಾಮಾನಿನ ಜೊತೆ ಕಟ್ಟಿ ಕೊಡುವುದು ಹಳೆಯ ವ್ಯಾಪಾರ.

ಬೇಡಿಕೆ ನೋಡಿ ಬೆಲೆ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಫೋರ್ಡ್ ಮ್ಯಾವರಿಕ್ ಒಳ್ಳೆಯ ಉದಾಹರಣೆ. ಅದು ಸಣ್ಣ ಪಿಕಪ್. 2021ರಲ್ಲಿ ಬಂದಾಗ ಬೇಸ್ ಮಾಡೆಲ್ಲೇ ಹೈಬ್ರಿಡ್, ಬೆಲೆ 19,995 ಡಾಲರ್. ಟರ್ಬೊ ಪೆಟ್ರೋಲ್ ಬೇಕಿದ್ದರೆ ಮೇಲೆ ದುಡ್ಡು. ಜನ ಮುಗಿಬಿದ್ದರು, ಹೈಬ್ರಿಡ್ ಬುಕಿಂಗ್ ನಿಲ್ಲಿಸಬೇಕಾಯಿತು. 2024ರ ಮಾಡೆಲ್‌ನಲ್ಲಿ ಫೋರ್ಡ್ ಎರಡನ್ನೂ ಅದಲು ಬದಲು ಮಾಡಿತು: ಪೆಟ್ರೋಲ್ ಬೇಸ್ ಆಯಿತು, ಹೈಬ್ರಿಡ್‌ಗೆ ಮೇಲೆ ದುಡ್ಡು. 2025ರಲ್ಲಿ ಮತ್ತೆ ಹೈಬ್ರಿಡ್ಡೇ ಬೇಸ್, ಆದರೆ ಅಷ್ಟೊತ್ತಿಗೆ ಬೆಲೆ 26 ಸಾವಿರ ಡಾಲರ್ ದಾಟಿತ್ತು. ಅದೇ ಫೋರ್ಡ್ ಬಳಗದ ಲಿಂಕನ್ ಎಂಕೆಜೆಡ್ 2011ರ ಮಾಡೆಲ್‌ನಲ್ಲಿ ಹೈಬ್ರಿಡ್‌ಗೂ ಪೆಟ್ರೋಲ್‌ಗೂ ಒಂದೇ ಬೆಲೆ ಇಟ್ಟಿತ್ತು. ಆಗ ಗಿರಾಕಿಯನ್ನು ಕರೆಯಬೇಕಿತ್ತು, ಈಗ ಗಿರಾಕಿಯೇ ಬಂದು ನಿಂತಿದ್ದಾನೆ. ವ್ಯತ್ಯಾಸ ಅಷ್ಟೇ.

ಪ್ರಶ್ನೆ: ಪೈಪೋಟಿ ಬಂದರೆ ಬೆಲೆ ಇಳಿಯುವುದಿಲ್ಲವೇ?

ಉತ್ತರ: ಇಳಿಯುತ್ತದೆ. 2009ರಲ್ಲಿ ಹೋಂಡಾ ಜಪಾನಿನಲ್ಲಿ ಇನ್‌ಸೈಟ್ ಎಂಬ ಹೈಬ್ರಿಡ್ ಕಾರನ್ನು 18.9 ಲಕ್ಷ ಯೆನ್‌ಗೆ ತಂದಿತು. ಕೆಲವೇ ತಿಂಗಳಲ್ಲಿ ಟೊಯೋಟಾ ಹೊಸ ಪ್ರಿಯಸ್ಸನ್ನು 20.5 ಲಕ್ಷ ಯೆನ್‌ನಿಂದ ಶುರು ಮಾಡಿತು. ಹನ್ನೆರಡು ವರ್ಷದ ಹಿಂದಿನ ಮೊದಲ ಪ್ರಿಯಸ್‌ಗಿಂತ ದೊಡ್ಡ ಕಾರು, ಬೆಲೆ ಅದಕ್ಕಿಂತ ಕಡಿಮೆ! ಗಟ್ಟಿ ಎದುರಾಳಿ ಇಲ್ಲದ ಕಡೆ ಇಂಥದ್ದು ನಿರೀಕ್ಷಿಸಬೇಡಿ.

ಪ್ರಶ್ನೆ: ಎಲ್ಲರೂ ಎಲೆಕ್ಟ್ರಿಕ್ ಎಲೆಕ್ಟ್ರಿಕ್ ಅನ್ನುತ್ತಿದ್ದರು. ಈಗ ಕಂಪನಿಗಳು ಮತ್ತೆ ಹೈಬ್ರಿಡ್ ಕಡೆ ತಿರುಗಿದ್ದು ಯಾಕೆ ಮೇಡಂ ಅಂತ ನನ್ನ ಮಗಳು ಕ್ಲಾಸಿನಲ್ಲಿ ಕೇಳಿದಳಂತೆ. ಉತ್ತರ ಸಿಗಲಿಲ್ಲವಂತೆ.

ಉತ್ತರ: ಮಗಳಿಗೆ ಬ್ಯಾಟರಿಯ ಗಾತ್ರ ನೋಡಲು ಹೇಳಿ. ಮಾಮೂಲಿ ಹೈಬ್ರಿಡ್‌ನಲ್ಲಿ ಒಂದು ಒಂದೂವರೆ ಕಿಲೋವ್ಯಾಟ್ ಅವರ್ (ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟು ಅಂದರೂ ಅದೇ) ಬ್ಯಾಟರಿ. ದೂರ ಓಡುವ ಎಲೆಕ್ಟ್ರಿಕ್ ಕಾರಿನಲ್ಲಿ ಅರವತ್ತು, ಎಪ್ಪತ್ತು, ಕೆಲವದರಲ್ಲಿ ನೂರು. ಟೊಯೋಟಾದವರು ಇದನ್ನು 1:6:90 ಎಂದು ಹೇಳುತ್ತಾರೆ. ಒಂದು ಎಲೆಕ್ಟ್ರಿಕ್ ಕಾರಿಗೆ ಬೇಕಾಗುವ ಬ್ಯಾಟರಿ ಸಾಮಗ್ರಿಯಲ್ಲಿ 6 ಪ್ಲಗ್‌-ಇನ್ ಹೈಬ್ರಿಡ್ (ಹೊರಗಿನಿಂದ ಚಾರ್ಜ್ ಮಾಡುವಂಥದ್ದು) ಅಥವಾ 90 ಮಾಮೂಲಿ ಹೈಬ್ರಿಡ್ ಮಾಡಬಹುದಂತೆ. ಹೈಬ್ರಿಡ್ ಮಾರುವವರ ಲೆಕ್ಕ ಇದು, ಹಾಗಾಗಿ ಸ್ವಲ್ಪ ಎಚ್ಚರದಿಂದ ಓದಿ. ಆದರೆ ಖರ್ಚಿನ ಮಟ್ಟಿಗೆ ಅದು ತೋರಿಸುವ ದಿಕ್ಕು ಸರಿ. ಫೋರ್ಡ್‌ನ ಎಲೆಕ್ಟ್ರಿಕ್ ವಿಭಾಗ 2023ರಲ್ಲಿ 470 ಕೋಟಿ ಡಾಲರ್, 2024ರಲ್ಲಿ ಸುಮಾರು 510 ಕೋಟಿ ಡಾಲರ್ ಕಳೆದುಕೊಂಡಿತು. ಮುಂದಿನ ಮಾಡೆಲ್‌ಗಳ ಖರ್ಚೂ ಅದರಲ್ಲಿ ಸೇರಿದೆ, ನಿಜ. ಆದರೂ ಷೇರುದಾರರು ಸುಮ್ಮನೆ ಕೂರುವ ಮೊತ್ತ ಅಲ್ಲ ಅದು. ಹೈಬ್ರಿಡ್ ಆದರೆ ಹಳೆಯ ಫ್ಯಾಕ್ಟರಿ, ಹಳೆಯ ಲೈನು, ಹಳೆಯ ಎಂಜಿನ್ ಎಲ್ಲವೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಲಾಭ ಕಡಿಮೆ ಇದ್ದರೂ ಕಂಪನಿ ಹೈಬ್ರಿಡ್ ಮಾರುವ ಸಂದರ್ಭ ಇದೆಯೇ?

ಉತ್ತರ: ಇದೆ, ಯುರೋಪಿನಲ್ಲಿ. ಅಲ್ಲಿ ಕಂಪನಿ ಮಾರಿದ ಎಲ್ಲ ಕಾರುಗಳು ಒಂದು ಕಿಲೋಮೀಟರ್ ಓಡಲು ಉಗುಳುವ ಇಂಗಾಲದ ಡೈಆಕ್ಸೈಡ್‌ನ ಸರಾಸರಿಗೆ ಮಿತಿ ಇದೆ. ಮಿತಿ ಮೀರಿದರೆ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯುರೋ ದಂಡ. 10 ಗ್ರಾಂ ಮೀರಿ, 10 ಲಕ್ಷ ಕಾರು ಮಾರಿದ್ದರೆ 95 ಕೋಟಿ ಯುರೋ ಆಯಿತು. ಹಾಗಾಗಿ ಒಂದು ಹೈಬ್ರಿಡ್‌ನಿಂದ ಬರುವ ಲಾಭವನ್ನು ಅದೊಂದರ ಮೇಲೆ ನೋಡಿದರೆ ಸಾಲದು, ಅದು ತಪ್ಪಿಸಿದ ದಂಡವನ್ನೂ ಸೇರಿಸಬೇಕು. 2020ರಲ್ಲಿ ಮಾಜ್ದಾ ಕಂಪನಿ ಇಬ್ಬರ ಕಾರುಗಳ ಸರಾಸರಿಯನ್ನು ಒಟ್ಟಿಗೆ ಲೆಕ್ಕ ಹಾಕಿಸಲು ಟೊಯೋಟಾ ಜೊತೆ ಸೇರಿಕೊಂಡಿತ್ತು. ಹೈಬ್ರಿಡ್ ಮಾಡಿದವನ ನೆರಳಲ್ಲಿ ಪಕ್ಕದವನೂ ನಿಂತ ಹಾಗೆ.

ಪ್ರಶ್ನೆ: ಪೆಟ್ರೋಲ್ ಕಾರಿಗೂ ಹೈಬ್ರಿಡ್‌ಗೂ ಬೆಲೆ ಒಂದೇ ಆಗುವ ಕಾಲ ಬರುತ್ತದಾ?

ಉತ್ತರ: ಒಂದು ರೀತಿಯಲ್ಲಿ ಬಂದಾಗಿದೆ. ಅಮೆರಿಕದಲ್ಲಿ ಟೊಯೋಟಾ ಸಿಯೆನಾ 2021ರ ಮಾಡೆಲ್‌ನಿಂದ, ಕ್ಯಾಮ್ರಿ 2025ರ ಮಾಡೆಲ್‌ನಿಂದ ಹೈಬ್ರಿಡ್‌ನಲ್ಲಿ ಮಾತ್ರ ಸಿಗುತ್ತವೆ. ಪೆಟ್ರೋಲ್ ಮಾಡೆಲ್ ಪಟ್ಟಿಯಲ್ಲೇ ಇಲ್ಲ, ಹೋಲಿಸಲಿಕ್ಕೆ ಏನೂ ಇಲ್ಲ. ಕಂಪನಿಗೆ ಒಂದೇ ಥರ ಜೋಡಿಸುವುದರಿಂದ ಖರ್ಚು ಉಳಿಯಿತು, ಹೈಬ್ರಿಡ್‌ಗೆ ಎಷ್ಟು ಜಾಸ್ತಿ ಕೊಟ್ಟೆ ಅನ್ನುವ ನಿಮ್ಮ ಪ್ರಶ್ನೆಯೂ ಮಾಯ.

ಪ್ರಶ್ನೆ: ಮೈಲ್ಡ್ ಹೈಬ್ರಿಡ್‌ಗೂ ಇದೇ ಲೆಕ್ಕವೇ?

ಉತ್ತರ: ಅಲ್ಲ. ಅದರಲ್ಲಿ ಇರುವುದು ಸಣ್ಣ ಬ್ಯಾಟರಿ ಮತ್ತು ಬಹುಪಾಲು ಕಾರುಗಳಲ್ಲಿ ಎಂಜಿನ್ನಿಗೆ ಬೆಲ್ಟಿನಿಂದ ಸೇರಿಸಿದ ಒಂದು ಮೋಟಾರ್. ಅದು ಎಂಜಿನ್ನಿಗೆ ಕೈಜೋಡಿಸುತ್ತದೆ, ಸಾಮಾನ್ಯವಾಗಿ ತಾನೊಂದೇ ಕಾರನ್ನು ಓಡಿಸುವುದಿಲ್ಲ. ಕಂಪನಿಗೆ ಖರ್ಚು ಕಡಿಮೆ, ಹಿಂದಿನ ಡಿಕ್ಕಿಯ ಮೇಲೆ 'ಹೈಬ್ರಿಡ್' ಅನ್ನುವ ಅಕ್ಷರ ಮಾತ್ರ ಅದೇ ಸೈಜು. ಶೋರೂಂನಲ್ಲಿ ಒಂದೇ ಪ್ರಶ್ನೆ ಕೇಳಿ: ಎಂಜಿನ್ ಆಫ್ ಇದ್ದಾಗ ಈ ಕಾರು ಮುಂದಕ್ಕೆ ಹೋಗುತ್ತದಾ?