ದುಡ್ಡು ಕೇಳಿದ್ರೆ ನಾನು ಸಣ್ಣವಳಾಗ್ತೀನಾ?

ಪ್ರಶ್ನೆ: ಎದುರುಮನೆ ಹುಡುಗ, ಒಂದನೇ ಕ್ಲಾಸು. ಸ್ಕೂಲ್ ವ್ಯಾನ್ ಮೂರೂವರೆಗೆ ಬಿಟ್ಟು ಹೋದ್ರೆ ಏಳು ಗಂಟೆವರೆಗೂ ನಮ್ಮನೇಲೇ. ತಿಂಗಳಿಗೆ 3000 ಅಂತ ಮಾತಾಗಿತ್ತು, ಎರಡು ತಿಂಗಳಿಂದ ಬಂದಿಲ್ಲ. ಅವರಮ್ಮಂಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ, ಈಗೀಗ ಬರೋದು ಎಂಟೂವರೆ ಆಗುತ್ತೆ. ಕೇಳೋಣ ಅಂದ್ರೆ ನಮ್ಮತ್ತೆ 'ಮಗುಗೆ ಅನ್ನ ಹಾಕಿ ದುಡ್ಡು ಎಣಿಸ್ತೀಯಾ' ಅಂತಾರೆ. ಗೃಹಲಕ್ಷ್ಮಿ 2000 ಬಿಟ್ರೆ ನನ್ನದು ಅಂತ ಬರೋ ದುಡ್ಡು ಇದೊಂದೇ.
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಕೇಳಿ, ಈ ಭಾನುವಾರಾನೇ ಕೇಳಿ. ನಿಮ್ಮತ್ತೆ ಮಾತು ಅಪರೂಪಕ್ಕೆ ಮನೆಗೆ ಬರೋ ಮಗುಗೆ ಸರಿ, ಆದ್ರೆ ಇದು ದಿನಾ ಮಧ್ಯಾಹ್ನ ಕಣ್ಣು ಮುಚ್ಚದೆ, ಎಲ್ಲೂ ಹೊರಗೆ ಹೋಗದೆ, ವ್ಯಾನ್ ಹಾರ್ನ್ ಕೇಳಿದ ತಕ್ಷಣ ಗೇಟಿಗೆ ಓಡೋ ಕೆಲಸ. ತಿಂಗಳಿಗೆ 22 ದಿನ ಅಂತ ಹಿಡಿದ್ರೆ ಮಾತಾಡಿದ ಲೆಕ್ಕದಲ್ಲೇ ಗಂಟೆಗೆ 39 ರೂಪಾಯಿ ತುಂಬಲ್ಲ, ಎಂಟೂವರೆವರೆಗೂ ಇದ್ರೆ 27ಕ್ಕೆ ಇಳಿಯುತ್ತೆ, ಹಾಲು ಬಿಸ್ಕತ್ತು ಎಲ್ಲಾ ಅದರಲ್ಲೇ.

ನಾನು ಇಷ್ಟು ಅವಸರ ಮಾಡೋಕೆ ಕಾರಣ ಇದೆ. ನಾನು ಚಿಕ್ಕವಳಿದ್ದಾಗ ದಾವಣಗೆರೆಲಿ ನಮ್ಮಮ್ಮ ಪಕ್ಕದ್ಮನೆ ಟೀಚರ್ ಮಗಳನ್ನ ಹೀಗೇ ನೋಡ್ಕೋತಿದ್ಲು, ದುಡ್ಡು ನಿಂತ್ಹೋಯ್ತು, ಅಮ್ಮ ಬಾಯಿ ಬಿಡಲಿಲ್ಲ, ಒಳಗೊಳಗೇ ಕುದೀತಿದ್ಲು. ಒಂದಿನ ಆ ಹುಡುಗಿ ಒಗ್ಗರಣೆ ಮಂಡಕ್ಕಿ ತಿಂದು, ಪ್ಲೇಟ್ ಮುಂದೆ ಚಾಚಿ 'ಇನ್ನೊಂದ್ಚೂರು' ಅಂದಿದ್ದಕ್ಕೆ ಅಮ್ಮ 'ನಿಮ್ಮಮ್ಮ ತಂದು ಹಾಕಿದ್ದಾಳಾ' ಅಂದ್ಬಿಟ್ಲು. ಹುಡುಗಿ ಸುಮ್ಮನೆ ಎದ್ದು ಹೋಗಿ ಪ್ಲೇಟ್ ತಾನೇ ತೊಳೆದಿಟ್ಲು. ಆಮೇಲೆ ನಮ್ಮನೇಲಿ ಅವಳು ಯಾವತ್ತೂ ಎರಡನೇ ಸಲ ಏನೂ ಕೇಳಲಿಲ್ಲ. ಅಮ್ಮ ವಯಸ್ಸಾದ ಮೇಲೂ ಅದನ್ನ ನೆನೆಸ್ಕೊಂಡು ಕಣ್ಣೀರು ಹಾಕ್ತಿದ್ಲು. ನಿಮ್ಮ ಸಿಟ್ಟು ಆ ಹುಡುಗನ ತಟ್ಟೆವರೆಗೂ ಹೋಗೋದು ಬೇಡ.

ರಾತ್ರಿ ಎಂಟೂವರೆಗೆ ಬಾಗಿಲಲ್ಲಿ ನಿಂತು ಕೇಳ್ಬೇಡಿ, ವೈಟ್‌ಫೀಲ್ಡಿಂದ ವಿಜಯನಗರಕ್ಕೆ ಮೆಟ್ರೋದಲ್ಲೇ ಒಂದು ಗಂಟೆ ಮೇಲಾಗುತ್ತೆ, ಆಯಮ್ಮ ಸುಸ್ತಾಗಿರ್ತಾರೆ, ಹುಡುಗನೂ ಅಲ್ಲೇ ಇರ್ತಾನೆ. ಭಾನುವಾರ ಕಾಫಿಗೆ ಕರೀರಿ. 'ಎರಡು ತಿಂಗಳದ್ದು 6000 ಬಾಕಿ ಇದೆ, ಈ ವಾರ ಹಾಕ್ಬಿಡಿ, ಏಳರ ಮೇಲಾದ್ರೆ ಎಷ್ಟು ಅಂತ ಈಗಲೇ ಮಾತಾಡ್ಕೊಳ್ಳೋಣ' ಅಷ್ಟೇ ಹೇಳಿ. 'ತಪ್ಪು ತಿಳ್ಕೋಬೇಡಿ' ಅಂತ ಮಾತ್ರ ಶುರು ಮಾಡ್ಬೇಡಿ. ಅವರಿಗೇ ಸಂಬಳ ಆಗಿಲ್ಲ ಅಂದ್ರೆ ಎರಡು ಕಂತಲ್ಲಿ ಕೊಡ್ಲಿ, ತಾರೀಖು ಮಾತ್ರ ಹೇಳಿಸ್ಕೊಳ್ಳಿ. ದಸರಾ ರಜೆಲಿ ಇಡೀ ದಿನ ಬಿಟ್ಟು ಹೋದ್ರೆ ಎಷ್ಟು, ಜ್ವರ ಬಂದ್ರೆ ಯಾರು ರಜೆ ಹಾಕ್ಬೇಕು, ಅದೂ ಮಾತಾಡಿ.

ಅವರಿಗೂ ನೀವು ಬೇಕು. 50 ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರ್ಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿಸಿದ್ರು, ಆದ್ರೆ ಮೂರೂವರೆಗೆ ವಿಜಯನಗರದಲ್ಲಿ ವ್ಯಾನ್ ಇಳಿಯೋ ಹುಡುಗನಿಗೆ ವೈಟ್‌ಫೀಲ್ಡಲ್ಲಿ ಅದಿದ್ರೇನು ಬಂತು?

ಅವರು ಆಗಲ್ಲ ಅಂದ್ರೆ ಬೇರೆ ಏರ್ಪಾಡಿಗೆ ಒಂದು ತಿಂಗಳು ಟೈಮ್ ಕೊಡಿ. ಅಲ್ಲಿವರೆಗೂ ಹುಡುಗನಿಗೆ ಹಾಲು ಅದೇ ಲೋಟದಲ್ಲಿ, ಅಷ್ಟೇ ಸಕ್ಕರೆ ಹಾಕಿ.