ಪ್ರತಿಕ್ರಿಯೆ: ಲಾಹೋರಿನ ಸಹೋದ್ಯೋಗಿ ಮಾತು ಬಿಟ್ಟಿದ್ದಕ್ಕೆ

ಕ್ರಿಕೆಟ್ ಮಾತಿನ ನಂತರ ಲಾಹೋರಿನ ಸಹೋದ್ಯೋಗಿ ಮಾತು ಬಿಟ್ಟಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ‘ವಿಶ್ವಕಪ್‌ನಲ್ಲಿ ನಮ್ಮನ್ನು ಎಂದಾದರೂ ಸೋಲಿಸಿದ್ದೀರಾ’ ಎಂದು ಊಟದ ಮೇಜಿನಲ್ಲಿ ಎಲ್ಲರೆದುರು ನೀವು ಕೇಳಿದ್ದೇ ಅವರಿಗೆ ಚುಚ್ಚಿರಬೇಕು. ಅದು ತಪ್ಪೂ ಹೌದು. ಏಕದಿನ ವಿಶ್ವಕಪ್‌ನಲ್ಲಿ 1992ರಿಂದ 2023ರವರೆಗಿನ ಎಂಟೂ ಪಂದ್ಯಗಳು ಭಾರತದ್ದು, ನಿಜ. ಆದರೆ 2021ರ ಟಿ20 ವಿಶ್ವಕಪ್‌ನಲ್ಲಿ, ನೀವಿಬ್ಬರೂ ಕೆಲಸ ಮಾಡುವ ದುಬೈನಲ್ಲೇ, ಪಾಕಿಸ್ತಾನ ಒಂದೂ ವಿಕೆಟ್ ಕಳೆದುಕೊಳ್ಳದೆ ಗೆದ್ದಿತು. ಏಕದಿನದ ಒಟ್ಟು ಗೆಲುವಿನ ಲೆಕ್ಕದಲ್ಲೂ ಅವರೇ ಮುಂದಿದ್ದಾರೆ.

ಮೊದಲು ಇದನ್ನು ತಿದ್ದಿಕೊಳ್ಳಿ, ಅದೇ ಊಟದ ಮೇಜಿನಲ್ಲಿ, ಅದೇ ಜನರ ಮುಂದೆ. ಸಂದೇಶ ಕಳಿಸಿ ಮುಗಿಸಬೇಡಿ. ಆಮೇಲೆ 1986ರ ಶಾರ್ಜಾ ಪಂದ್ಯದ ಮಾತನ್ನು ನೀವೇ ತೆಗೆಯಿರಿ. ಪಾಕಿಸ್ತಾನದ ಗೆಲುವಿಗೆ ಕೊನೆಯ ಎಸೆತಕ್ಕೆ ನಾಲ್ಕು ರನ್ ಬೇಕಿತ್ತು. ನಮ್ಮ ಬೌಲರ್ ಚೇತನ್ ಶರ್ಮಾ ಅವರ ಫುಲ್‌ಟಾಸ್ (ನೆಲಕ್ಕೆ ಪುಟಿಯದ ಎಸೆತ) ಅನ್ನು ಪಾಕಿಸ್ತಾನದ ಬ್ಯಾಟರ್ ಜಾವೇದ್ ಮಿಯಾಂದಾದ್ ಸಿಕ್ಸರ್‌ಗೆ ಎತ್ತಿದರು. ಆ ಕಥೆಯನ್ನು ನಿಮ್ಮ ಸಹೋದ್ಯೋಗಿಯ ಬಾಯಿಂದಲೇ ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ. ನನ್ನ ಇಂಥದ್ದೇ ಜಗಳ ಮುಗಿದದ್ದು ಹೀಗೆ ಕೇಳಿದ್ದರಿಂದ.

ನಿಮ್ಮ ಸರದಿ ಬಂದಾಗ 1996ರ ಬೆಂಗಳೂರಿನ ವಿಶ್ವಕಪ್ ಪಂದ್ಯವನ್ನು ಹೇಳಿ. ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಬಾರಿಸಿ, ಚೆಂಡು ಹೋದ ದಿಕ್ಕಿಗೆ ಬ್ಯಾಟ್ ತೋರಿಸಿದರು. ಮರು ಎಸೆತದಲ್ಲೇ ಸೊಹೈಲ್ ಅವರ ಸ್ಟಂಪನ್ನು ನಮ್ಮ ವೆಂಕಟೇಶ್ ಪ್ರಸಾದ್ ಉರುಳಿಸಿದರು. ಎಂಥ ಕ್ಷಣ ಅದು! ಮಿಯಾಂದಾದ್ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಆಡಿದ್ದೂ ಅಂದೇ, ನಮ್ಮ ಚಿನ್ನಸ್ವಾಮಿಯಲ್ಲಿ. ಇದನ್ನು ಗೌರವದಿಂದ ಹೇಳಿ.

ಒಂದೇ ದಿನದಲ್ಲಿ ಅವರು ಮೊದಲಿನಂತಾಗುತ್ತಾರೆಂದು ಖಚಿತವಾಗಿ ಹೇಳಲಾರೆ. ಮುಖ ಬಿಗಿಯಾಗಿಯೇ ಇದ್ದರೆ ಒಂದು ವಾರ ಕ್ರಿಕೆಟ್ ಮಾತೇ ಬೇಡ. ಚಹಾಕ್ಕೆ ಮಾತ್ರ ಕರೆಯಿರಿ.